ಎಂಟು ಸೇರಿನ ಮಾತು

ಎಪ್ಪತ್ತರ ದಶಕ. ನಾನು ಸವದತ್ತಿಗೆ ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತು. ಗಂಡ ದರ್ಜಿ, ಹೊಲ ಗೇಣುದ್ದವೂ ಇರಲಿಲ್ಲ. ಹಿತ್ತಲಲ್ಲಿ ಎರಡು ಎಮ್ಮೆಗಳಿದ್ದವು. ಅವುಗಳ ಬೆಣ್ಣೆಯನ್ನು ಸಂತೆಗೆ ಒಯ್ದು, ಬದಲಿಗೆ ಜೋಳ ತರುತ್ತಿದ್ದೆವು. ಐದು ಮಂದಿಯ ರೊಟ್ಟಿ ಆ ಜೋಳದ ಮೇಲೇ ನಿಂತಿತ್ತು.

ಈ ಅದಲುಬದಲಿನ ದರವೋ, ಒಂದು ಸಂತೆಗೆ ಇದ್ದದ್ದು ಮುಂದಿನ ಸಂತೆಗೆ ಇರುತ್ತಿರಲಿಲ್ಲ. ಬೇಸಿಗೆಯಲ್ಲಿ ಹೊಸ ಜೋಳ ದಂಡಿಯಾಗಿ ಬರುತ್ತಿತ್ತು, ಹಸಿ ಮೇವಿಲ್ಲದೆ ಹಾಲು ಇಳಿಯುತ್ತಿತ್ತು. ಆಗ ಒಂದು ಸೇರು ಬೆಣ್ಣೆಗೆ ಹತ್ತು ಸೇರು ಜೋಳ. ಮಳೆ ಹಿಡಿದು ಹುಲ್ಲು ಚಿಗುರಿತೋ, ಮನೆಮನೆಯಲ್ಲೂ ಬೆಣ್ಣೆ, ಜೋಳ ಮಾತ್ರ ಕಣಜದ ತಳದಲ್ಲಿ; ಆಗ ಆರು ಸೇರು ಸಿಕ್ಕರೆ ಪುಣ್ಯ. ಹಿಂದಿನ ಶ್ರಾವಣದಲ್ಲಿ ತಲೆಗೊಂದು ರೊಟ್ಟಿ ಕಡಿಮೆ ತಿಂದಿದ್ದೆವು. ಹಸಿದರೆ ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಕೂತಿರುತ್ತದೆ. ಇನ್ನೊಂದು ಶ್ರಾವಣ ಹಾಗೆ ಕಳೆಯುವುದು ನನ್ನಿಂದ ಸಾಧ್ಯವಿರಲಿಲ್ಲ.

ಅದಕ್ಕೇ ಯುಗಾದಿಗೆ, ಅತ್ತೆಯನ್ನೂ ಕೇಳದೆ, ಹತ್ತಿರದ ಹೂಲಿಯಿಂದ ಚಕ್ಕಡಿಯಲ್ಲಿ ಸಂತೆಗೆ ಬರುತ್ತಿದ್ದ ಒಬ್ಬ ರೈತಗಿತ್ತಿಯ ಜೊತೆ ಮಾತು ಕಟ್ಟಿದೆ. ಸಂತೆಯ ದರ ಏರಲಿ, ಇಳಿಯಲಿ, ದೀಪಾವಳಿಯವರೆಗೆ ವಾರಕ್ಕೊಂದು ಸೇರು ಬೆಣ್ಣೆ, ಎಂಟು ಸೇರು ಜೋಳ. ಆಕೆಯ ಮಗಳು ಬೇಸಿಗೆಯಲ್ಲೇ ಹಡೆಯುವವಳಿದ್ದಳು. ಬಾಣಂತಿಗೆ ತುಪ್ಪ ತಪ್ಪಬಾರದೆಂದು ಆಕೆಯೂ ಖುಷಿಯಿಂದ ಒಪ್ಪಿದಳು. ನಾನು ದೊಡ್ಡ ಸಾಹುಕಾರ್ತಿಯಂತೆ ಬೀಗುತ್ತ ಮನೆಗೆ ಬಂದೆ.

ಬೇಸಿಗೆ ಏರುತ್ತಲೇ ಒಂದು ಎಮ್ಮೆಯ ಹಾಲು ಬತ್ತಿತು!

"ದರಾ ಕಟ್ಟಿ ಬಂದಿ, ಎಮ್ಮಿ ಕೆಚ್ಚಲಾ ಕಟ್ಟಾಕ ಬರತೈತೇನ?" ಅತ್ತೆ ಹಣೆ ಬಡಿದುಕೊಂಡರು. "ಅರ್ಧಾ ಬೆಣ್ಣಿ ಮಾತಿಗೆ ಹಚ್ಚಿ, ಅರ್ಧಾ ಸಂತಿಗೆ ಬಿಡಬೇಕಿತ್ತು. ಇದ್ದದ್ದೆಲ್ಲಾ ಒಂದ ಕಡೆ ಹಚ್ಚತಾರೇನ, ಹುಚ್ಚಿ?"

"ಇನ್ನೇನ ಮಾಡೂದ್ರಿ ಅತ್ತಿ? ಆಗಂಗಿಲ್ಲ ಅಂತ ಹೇಳಿ ಬರಲೇನ್ರಿ?"

"ಬಾಣಂತಿ ತುಪ್ಪಾ ತಪ್ಪಸತೀಯೇನ? ಉಳದ ಎಮ್ಮಿ ಹಾಲೆಲ್ಲಾ ಹೆಪ್ಪಿಗೆ ಹಾಕು. ನಾವು ಕರಿ ಚಾ ಕುಡಿಯೂಣು."

ಎರಡು ತಿಂಗಳು ಕರಿ ಚಹಾ. ಗಂಡ ಪ್ರತಿ ಗುಟುಕಿಗೂ ನನ್ನ ಮುಖ ನೋಡಿ, "ಭಾರಿ ವ್ಯಾಪಾರ ಮಾಡೀರಿ, ಬಾಯಾರ" ಎಂದು ಕಾಡಿಸಿದರು. ಸಂತೆಯಲ್ಲಿ ಹತ್ತು ಸೇರಿನ ಕೂಗು ಕೇಳುತ್ತ, ಎಂಟಕ್ಕೇ ಬೆಣ್ಣೆ ಕೊಟ್ಟು ಬರುವಾಗ ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ?

ಮಳೆ ಶುರುವಾಯಿತು. ಶ್ರಾವಣದ ಮೊದಲ ಸಂತೆಗೆ ದರ ಆರಕ್ಕೆ ಬಿತ್ತು. ಹೂಲಿಯಾಕೆಯ ಮಗಳು ಅಷ್ಟರಲ್ಲಿ ಕೂಸನ್ನೆತ್ತಿಕೊಂಡು ಗಂಡನ ಮನೆಗೆ ಹೋಗಿಯಾಗಿತ್ತು. ಇನ್ನು ಆಕೆಗೆ ನನ್ನ ಬೆಣ್ಣೆಯಿಂದ ಆಗಬೇಕಾದದ್ದೇನು? ಆಕೆ ಬರದಿದ್ದರೆ ಮತ್ತೆ ನಮ್ಮ ರೊಟ್ಟಿಗೆ ಕತ್ತರಿ. ಗಡಿಗೆ ಹಿಡಿದು ಕೆಸರಿನಲ್ಲಿ ನಿಂತು ಹೂಲಿಯ ದಾರಿಯನ್ನೇ ನೋಡುತ್ತಿದ್ದೆ.

ಆಕೆ ಬಂದಳು. ಮೊಣಕಾಲತನಕ ಕೆಸರು, ತಲೆಯ ಮೇಲೆ ಜೋಳದ ಚೀಲ. ಚಕ್ಕಡಿ ಹಳ್ಳದ ರಾಡಿಯಲ್ಲಿ ಹೂತಿತ್ತಂತೆ.

ನನಗೇ ನಾಚಿಕೆಯಾಯಿತು. "ಅಕ್ಕಾರ, ಎಲ್ಲಾರೂ ಆರ ಕೊಡಾಕತ್ತಾರ. ನೀವೂ ಆರ ಕೊಡ್ರಿ, ಸಾಕು" ಅಂದೆ.

"ಬ್ಯಾಸಿಗ್ಯಾಗ ಹತ್ತು ನಡದಿತ್ತು, ನಾ ಎಂಟ ಕೊಟ್ಟೆ. ಆಗ ನನಗ ನಾಚಿಕಿ ಬಂದಿತ್ತೇನ? ಚೀಲಾ ಹಿಡಿ ತಂಗಿ, ಸುಮ್ಮನ," ಎಂದು ಗದರಿಸಿ, ಆಕೆ ಜೋರಾಗಿ ಎಣಿಸುತ್ತ ಅಳೆದಳು. ಆರರ ಮೇಲೆ ಏಳನೆಯ ಸೇರು ಚೀಲಕ್ಕೆ ಬೀಳುತ್ತಲೇ ನಾನು ನಡುಸಂತೆಯಲ್ಲಿ ನಗುತ್ತ ಅತ್ತುಬಿಟ್ಟೆ.