ಸೇವಂತಿಗೆ ಗುರುತಿನ ಬಂದೂಕು

ನಮ್ಮ ತಾತ ಹುಲಗಪ್ಪ ಬರ್ಮಾ ಯುದ್ಧದಿಂದ ರಾಯಚೂರು ಸೀಮೆಯ ಜಾಲಹಳ್ಳಿಗೆ ತಂದದ್ದು ಎರಡೇ: ಒಂದು ಕುಂಟುಗಾಲು, ಒಂದು ಜಪಾನಿ ಬಂದೂಕು. ಬೇಟೆಗೆ ಹೆಸರಾದ ಮನೆತನ ನಮ್ಮದು. ಈ ಮನುಷ್ಯ ಮಾತ್ರ ಒಂದು ಮೊಲಕ್ಕೂ ಗುರಿ ಇಡಲಿಲ್ಲ. ಊರವರು ಕೆಣಕಿದರೆ, "ಸೋತವರು ತಾವಾಗೇ ಕೈಯಾಗ ಕೊಟ್ಟದ್ದು ಅದು. ಇಟ್ಟೀನಿ, ಅಷ್ಟ," ಎಂದು ಎದ್ದು ಹೋಗುತ್ತಿದ್ದ.

ಬಂದೂಕಿನ ಮೇಲೆ ಒಂದು ಹೂವಿನ ಮುದ್ರೆಯಿತ್ತು, ಥೇಟ್ ನಮ್ಮ ಸೇವಂತಿಗೆ. ನಮ್ಮವ್ವ ಬೂದೆಮ್ಮ, ತಾತನ ಸೊಸೆ, ಅದನ್ನು ದೇವಿಯ ಗುರುತೆಂದೇ ನಂಬಿದ್ದಳು. ಹಿರಿಯರ ಹಬ್ಬಕ್ಕೆ ಬಂದೂಕು ದೇವರ ಜಗಲಿಗಿಳಿಸಿ ಹೂವಿಗೆ ಕುಂಕುಮ ಹಚ್ಚುತ್ತಿದ್ದಳು. ಅಂದು ತಾತ ತಾನೇ ಒಲೆಯ ಮುಂದೆ ಕೂತು, ಮಾನ್ವಿಯಿಂದ ತಂದ ಅಕ್ಕಿ ಬೇಯಿಸುತ್ತಿದ್ದ. ಉಪ್ಪಿಲ್ಲ, ಸಾರಿಲ್ಲ. ರೊಟ್ಟಿ ತಿನ್ನುವ ಮನೆಯಲ್ಲಿ ಅದೆಂಥ ಪದ್ಧತಿಯೋ ಏನೋ. ಆ ಅನ್ನವನ್ನು ಮುತ್ತುಗದ ಎಲೆಯಲ್ಲಿ ಬಂದೂಕಿನ ಮುಂದಿಟ್ಟು, ಆಮೇಲೆ ಮಾಳಿಗೆ ಹತ್ತಿ ಕಾಗೆಗಿಡುತ್ತಿದ್ದ. ಕಾಗೆ ಮುಟ್ಟುವ ತನಕ ತಾನು ಉಣ್ಣುತ್ತಿರಲಿಲ್ಲ.

ತಾತ ಸತ್ತ ಮೇಲೆ, ದೇವಿಗೆ ಸಪ್ಪೆ ಅನ್ನ ಇಡುವುದೇ ಎಂದು ಅವ್ವ ಹೋಳಿಗೆ ಶುರು ಮಾಡಿದಳು. ತಾತನ ಎಡೆಗೆ ಅವನು ಇಷ್ಟಪಡುತ್ತಿದ್ದ ಮಟನ್ ಸಾರು. ಆ ವರ್ಷದಿಂದ ನಮ್ಮ ಮಾಳಿಗೆಗೆ ಕಾಗೆ ಬರಲಿಲ್ಲ. ಪಕ್ಕದ ಗೋಪಮ್ಮನ ಮಾಳಿಗೆಯಲ್ಲಿ ಕಿತ್ತಾಡುತ್ತಿದ್ದವು, ನಮ್ಮ ಕಡೆ ಹಣಿಕಿಯೂ ನೋಡುತ್ತಿರಲಿಲ್ಲ.

"ಮಾವ ಹೊಟ್ಟಿ ಹಸಗೊಂಡು ಅಡ್ಡಾಡಾಕತ್ತಾನ," ಎಂದು ಅವ್ವ ಅಳುತ್ತಿದ್ದಳು. ಪಡಸಾಲೆಯಲ್ಲಿ ಕುಂಟುಗಾಲಿನ ಸಪ್ಪಳ ಕೇಳುತ್ತದೆ ಎನ್ನುವಳು. ತಲೆ ಕೆಟ್ಟದ ನಿನಗ ಎಂದು ನಾನು ಬೈಯುತ್ತಿದ್ದೆ. ಒಂದು ಮಧ್ಯಾಹ್ನ ನನಗೂ ಕೇಳಿತು. ಅಂದಿನಿಂದ ನನಗೂ ಆ ಪಡಸಾಲೆ ಎಂದರೆ ಹೆದರಿಕೆ.

ಕಳೆದ ವರ್ಷ ಅಪ್ಪ ತೀರಿಕೊಂಡ. ಲೈಸೆನ್ಸ್ ಮುಂದುವರಿಸುವವರಿಲ್ಲದೆ ಬಂದೂಕನ್ನು ರಾಯಚೂರಿನ ಬಂದೂಕಿನ ಅಂಗಡಿಗೆ ಒಪ್ಪಿಸಲು ಅವ್ವನೂ ನಾನೂ ಹೋದೆವು. ಅಂಗಡಿಯ ವಿರೂಪಣ್ಣ ಕುಂಕುಮ ಒರೆಸಿ ನೋಡಿದ.

"ಇದು ಹೆಂಗ ಬಂತ್ರಿ ನಿಮ್ಮನಿಗಿ?"

"ಸೋತವರು ಕೊಟ್ರು ಅಂತಿದ್ದ ನಮ್ಮ ಮಾವ," ಎಂದಳು ಅವ್ವ.

"ಈ ಹೂವು ಅವರ ಚಕ್ರವರ್ತಿ ಗುರುತ್ರಿ. ಶರಣಾಗಿ ಕೊಟ್ಟ ಬಂದೂಕಿನ ಮ್ಯಾಲ ಇದನ್ನ ಹೆಚ್ಚಾಗಿ ಅರದಿಂದ ತಿಕ್ಕಿ ಅಳಸಿರ್ತಾರ. ಹಂಗಽ ಉಳದದ ಅಂದ್ರ, ಕಾಳಗದಾಗ ಸತ್ತವನ ಕೈಯಾಗಿಂದ ತಗೊಂಡಿದ್ದೇ ಇರಬೇಕು."

ಅವ್ವ ಹೂವಿನ ಸಂದಿಯಲ್ಲಿ ಉಳಿದ ಕುಂಕುಮವನ್ನು ಸೆರಗಿನಿಂದ ಒರೆಸುತ್ತಲೇ ನಿಂತಳು. ಊರಿಗೆ ಮರಳುವ ಬಸ್ಸು ಕಲ್ಮಲ ದಾಟಿದ ಮೇಲೆ ನನ್ನ ಕಡೆ ತಿರುಗಿ ಕೇಳಿದಳು:

"ಯಶೋಧಾ, ಜಪಾನಿನ ಮಂದಿ ಏನು ಉಣ್ತಾರ?"

"ಅನ್ನ, ಯವ್ವಾ."

"ಮಾವ ಇಡ್ತಿದ್ದ ಅನ್ನ ದೇವಿಗಲ್ಲ ಬೇ. ಆ ಸತ್ತಾತನ ಎಡಿ ಅದು. ನಾನಽ ಕಸಗೊಂಡೆ."

ಈ ಹಬ್ಬಕ್ಕೆ ನನ್ನ ಗಂಡನ ಮನೆ ಮಾನ್ವಿಯಿಂದ ನಾನೇ ಅಕ್ಕಿ ಒಯ್ದೆ. ಅವ್ವ ಉಪ್ಪಿಲ್ಲದೆ ಬೇಯಿಸಿದಳು. ಮಾಳಿಗೆಯ ಮೇಲೆ ಎರಡು ಎಲೆ ಇಟ್ಟೆವು: ಒಂದರಲ್ಲಿ ತಾತನ ಮಟನ್ ಸಾರು, ಒಂದರಲ್ಲಿ ಹೆಸರು ಗೊತ್ತಿಲ್ಲದವನ ಬಿಳಿ ಅನ್ನ.

ಕಾಗೆ ಬಂತು. ಬಿಳಿ ಅನ್ನವನ್ನು ಒಂದಗುಳೂ ಬಿಡದೆ ತಿಂದಿತು. ತಾತನ ಎಲೆಯನ್ನು ಮೂಸಿಯೂ ನೋಡದೆ ಹಾರಿತು.

ಕೆಳಗೆ ಪಡಸಾಲೆಯಲ್ಲಿ ಕುಂಟುಗಾಲಿನ ಸಪ್ಪಳ ಮೆಟ್ಟಿಲ ತನಕ ಬಂದು ನಿಂತದ್ದು ನಮ್ಮಿಬ್ಬರಿಗೂ ಕೇಳಿತು. ಅವ್ವ ಮೆಟ್ಟಿಲ ಕಡೆ ಬಗ್ಗಿ ಮೆಲ್ಲಗೆ ಹೇಳಿದಳು:

"ಆತ ಬಾಳ ವರ್ಷ ಹಸದಾನ, ಮಾವ. ನೀ ಇನ್ನಷ್ಟು ದಿನ ಕಾಯಿ."