ಎದುರುಮನೆ ಅಕ್ಕನ ಜೋಡಿಗಳು

ಮೊನ್ನೆ ಅಟ್ಟ ಗುಡಿಸುವಾಗ ಹಳೆಯ ಕಂಪ್ಯೂಟರ್ ಕಾಗದವೊಂದು ಸಿಕ್ಕಿತು. ಎರಡೂ ಅಂಚಿಗೆ ಸಾಲು ತೂತು, ಗೆದ್ದಲು ಮಣ್ಣಿನ ವಾಸನೆ... ಎದುರುಮನೆ ಅಕ್ಕ ನಮ್ಮ ಫೋನ್ ಬೂತಿನಲ್ಲಿ ಬಿಟ್ಟುಹೋಗಿದ್ದು.

ತೊಂಬತ್ತರ ದಶಕದ ಮಾತು. ಸೇಲಂನಲ್ಲಿ ಕನ್ನಡ ಮಾತಾಡುವ ನಮ್ಮ ನೇಕಾರರ ಬೀದಿಯಲ್ಲಿ ನಾನು ಎಸ್‌ಟಿಡಿ ಬೂತ್ ನೋಡಿಕೊಳ್ಳುತ್ತಿದ್ದೆ. ಅಕ್ಕ ಯುರೋಪಿನ ಒಂದು ಪ್ರಯೋಗಶಾಲೆಯಲ್ಲಿ ಸಂಶೋಧನೆ ಮಾಡುತ್ತಿದ್ದವರು. ತಾಯಿಗೆ ಕಾಯಿಲೆಯೆಂದು ಬಂದು ಕೆಲವು ತಿಂಗಳು ಉಳಿದಿದ್ದರು. ಸಂಜೆಯಾದರೆ ಬೂತಿಗೆ ಬಂದು ಇಂಗ್ಲಿಷಿನಲ್ಲಿ ಜಗಳವಾಡುತ್ತಿದ್ದರು. ಹೊರಗೆ ಕಾದವರಿಗೆ ಅರ್ಥವಾಗುತ್ತಿದ್ದುದು 'ಪೇರ್', 'ಫೇಕ್ ಪೇರ್', ಅಂದರೆ ಜೋಡಿ, ಸುಳ್ಳು ಜೋಡಿ ಎಂಬ ಮಾತಷ್ಟೇ. ಅಲ್ಲಿ ಯಾರೋ ಇದ್ದಾನೆ, ಮೋಸ ಮಾಡಿದ್ದಾನೆ ಎಂದು ಬೀದಿ ತೀರ್ಮಾನಿಸಿತು. ನನಗೂ ಅನುಮಾನ ಇಲ್ಲದಿರಲಿಲ್ಲ.

ಅಕ್ಕನನ್ನು ನೋಡಲು ಮೇಚೇರಿಯಿಂದ ಗಂಡಿನ ಕಡೆಯವರು ಬರುವುದಿತ್ತು. ಅಕ್ಕನ ಸೋದರಮಾವ ಬೂತಿಗೇ ಬಂದು ನಿಂತರು. "ಯಾವ ಜೋಡಿ ಕಣಮ್ಮಾ ಅದು? ನಿಜ ಏಳ್ಬುಡು."

ಅಕ್ಕ ನಗಲಿಲ್ಲ. "ಎಲೆಕ್ಟ್ರಾನ್ ಜೋಡಿ ಮಾವ. ಒಂದು ಮೈನಸ್ಸು, ಒಂದು ಪ್ಲಸ್ಸು. ಸೀಸದಂಥ ಭಾರದ ಪರಮಾಣುಗಳ್ನ ಜೋರಾಗಿ ಡಿಕ್ಕಿ ಒಡಿಸ್ತೀವಿ. ಒಳ್ಗೆ ಏನಾಯ್ತು ಅಂತ ಬೇರೆ ಕಣಗಳು ಸರ್ಯಾಗಿ ಏಳಲ್ಲ, ಈಚೆಗೆ ಬರೋಷ್ಟ್ರಲ್ಲಿ ಗುದ್ದಾಡ್ಕೊಂಡು ಬದ್ಲಾಗೋಯ್ತವೆ. ಈ ಜೋಡಿ ಮಾತ್ರ ಅಂಗೇ ಬತ್ತೈತೆ. ಈಗ ಲೆಕ್ಕಕ್ಕಿಂತ ಜಾಸ್ತಿ ಜೋಡಿ ಸಿಕ್ಕೈತೆ. ನಂಗೆ ಸಂದೇಗಂ. ಬೇರೆ ಬೇರೆ ಕಡೆಯಿಂದ ಬಂದಿದ್ದನ್ನ ತಪ್ಪಾಗಿ ಜೋಡಿ ಅಂತಿದ್ದೀವೇನೋ."

"ಇಷ್ಟಕ್ಕೆ ಫಾರಿನ್‌ಗೆ ಪೋನಾ?" ಎಂದರು ಮಾವ. ಗಂಡಿನ ಕಡೆಯವರು ಬರಲೇ ಇಲ್ಲ.

ಅತ್ತ ಪ್ರಯೋಗಶಾಲೆಯವರಿಗೂ ಅಕ್ಕನ ಮೇಲೆ ಗುಮಾನಿ. ಜಾಸ್ತಿ ಜೋಡಿ ಸಿಕ್ಕಿದ್ದರ ಬಗ್ಗೆ ಬರೆದ ಲೇಖನವನ್ನು ಬೇಕಂತಲೇ ತಡಮಾಡುತ್ತಿದ್ದಾಳೆ ಎಂದು. ಸುಳ್ಳು ಜೋಡಿಗಳನ್ನು ಇನ್ನೊಮ್ಮೆ ಕಳೆದು ನೋಡುವವರೆಗೆ ಲೇಖನಕ್ಕೆ ತನ್ನ ಹೆಸರು ಹಾಕಬೇಡಿ ಎಂದುಬಿಟ್ಟರು ಅಕ್ಕ. ಹೆಸರಿಲ್ಲದೆಯೇ ಲೇಖನ ಅಚ್ಚಾಯಿತು. ಅಲ್ಲಿನ ಕೆಲಸವೂ ಹೋಯಿತು...

ಆಮೇಲೆ ಅವರು ಧರ್ಮಪುರಿ ಕಡೆ ಕಾಲೇಜಿನಲ್ಲಿ ಪಾಠ ಮಾಡಿಕೊಂಡಿದ್ದರು. ಒಮ್ಮೆ ಊರಿಗೆ ಬಂದಾಗ ಹಳೆಯ ಸಹೋದ್ಯೋಗಿಗೆ ಫೋನ್ ಮಾಡಿ ಈಚೆ ಬಂದರು. ಕಣ್ಣು ಒದ್ದೆಯಾಗಿತ್ತು.

"ಮತ್ತೆ ನೋಡಿದ್ರಂತೆ ಕಣೇ. ಸುಳ್ಳು ಜೋಡಿ ಎಲ್ಲಾ ಕಳೆದ್ರೂ ಉಳ್ಕೊಂತು. ನಿಜವಾಗ್ಲೂ ಜಾಸ್ತಿ ಐತೆ."

"ನಿಮ್ಮೆಸ್ರು ಓಯ್ತಲ್ಲಕ್ಕಾ."

"ಓಗ್ಲಿ. ಈಗ ನಂಬಬೋದಲ್ಲ."

ಹೋದ ತಿಂಗಳು ಅಕ್ಕ ತೀರಿಕೊಂಡರು. ಕಡೆಯವರೆಗೂ ಒಂಟಿಯಾಗಿಯೇ ಇದ್ದರು. ಸಾವಿನ ಮನೆಯ ಜಗಲಿಯಲ್ಲಿ ಪಕ್ಕದ ಮನೆಯ ಮುದುಕಿ ನನ್ನ ಕಿವಿಗೆ ಬಾಗಿ ಕೇಳಿದಳು: "ಆ ಫಾರಿನ್ ಆಳು ಬಂದವ್ನಾ?"

ಅಕ್ಕ ಇದ್ದಿದ್ದರೆ ಪಕ್ಕ ಕೂರಿಸಿಕೊಂಡು ಮೊದಲಿನಿಂದ ಬಿಡಿಸಿ ಹೇಳುತ್ತಿದ್ದರು. ನನಗೆ ಅಷ್ಟು ಬರುವುದಿಲ್ಲ...