ವಾಲ್ವ್ ಸೆಟ್ ಬಿಟ್ಟು ಟ್ರಾನ್ಸಿಸ್ಟರ್ ಆರಿಸಿದ್ದು

ಕಿವಿಯ ವಿಷಯದಲ್ಲಿ ನಾನು ಯಾರಿಗೂ ಸೊಪ್ಪು ಹಾಕುವವನಲ್ಲ. ರಾಯದುರ್ಗದ ಹೈಸ್ಕೂಲಿನಲ್ಲಿ ಮಕ್ಕಳಿಗೆ ವಿಜ್ಞಾನ ಕಲಿಸುತ್ತೇನೆ; ಮನೆಯಲ್ಲಿ ಬಲ್ಬಿನಂಥ ಗಾಜಿನ ವಾಲ್ವ್‌ಗಳ ಹಳೆಯ ಆಂಪ್ಲಿಫೈಯರ್ ಇಟ್ಟುಕೊಂಡಿದ್ದೇನೆ. ಸ್ವಿಚ್ ಹಾಕಿದರೆ ವಾಲ್ವ್‌ಗಳು ಕೆಂಪಗೆ ಕಾದು, ಆಮೇಲಷ್ಟೇ ಹಾಡು ನಿಧಾನಕ್ಕೆ ಏಳುತ್ತದೆ. ಹಿಂದೆ ಸಣ್ಣಗೆ ಗುಂಯ್ ಅನ್ನುವ ಸದ್ದೊಂದು ಸದಾ ಇರುತ್ತದೆ. ಅದನ್ನು ನಾನು ಸೆಟ್ಟಿನ ಉಸಿರು ಅನ್ನುತ್ತಿದ್ದೆ. ಜೊತೆಯ ಮೇಷ್ಟ್ರುಗಳು ವಾಲ್ವ್ ಇಲ್ಲದ ಟ್ರಾನ್ಸಿಸ್ಟರ್ ಸೆಟ್ ತಂದು ಮೆರೆದರೆ, "ನಿಮ್ದು ಅಂಗಡಿ ಮಿಠಾಯಿ ರೀ, ನಮ್ದು ಮನಿ ಬೆಲ್ಲ" ಎಂದು ಬಾಯಿ ಮುಚ್ಚಿಸುತ್ತಿದ್ದೆ.

ಅದನ್ನೂ ಭಾನುವಾರ ಬೆಳಿಗ್ಗೆಯೇ ಕೇಳಬೇಕು. ಹೊತ್ತೇರಿದಂತೆ ಅದರ ದನಿ ಮೆತ್ತಗಾಗುತ್ತಾ ಹೋಗುತ್ತಿತ್ತು. ವಾಲ್ವ್ ಸೆಟ್ಟು ಹದಕ್ಕೆ ಬರಲು ಎರಡು ತಾಸು ಬೇಕು ಎಂದು ಮನೆಗೆ ಬಂದವರಿಗೆಲ್ಲ ಪಾಠ ಹೇಳುತ್ತಿದ್ದೆ. ಯಾರೂ ಎದುರಾಡುತ್ತಿರಲಿಲ್ಲ, ನಾನು ವಿಜ್ಞಾನದ ಮೇಷ್ಟ್ರಲ್ಲವೇ.

ನನ್ನ ಹೆಂಡತಿ ಮಡಕಶಿರಾ ಕಡೆಯವಳು. ರತ್ನಗಿರಿಯ ಹತ್ತಿರದ ಹಳ್ಳಿ, ಕುರಿ ಸಾಕುವ ಮನೆತನ. ಅವರ ಮನೆಯಲ್ಲಿ ಹೆಣ್ಣು ಒಪ್ಪಿಸಿಕೊಡುವಾಗ ಹಾಡುವ ಸೋಬಾನೆ ಪದವೊಂದಿದೆ. ಮನೆಯ ಹಿರಿ ಹೆಣ್ಣುಮಗಳು ಅದರ ಕೊನೆಯ ಸಾಲು ಹಾಡಿ ಮುಗಿಸುವ ತನಕ ಮದುಮಗಳು ಹೊಸಿಲು ದಾಟುವಂತಿಲ್ಲ. ಮೊದಲು ಅವಳ ಅಜ್ಜಿ ಹಾಡುತ್ತಿದ್ದರಂತೆ. ಅಜ್ಜಿ ಹೋದ ಮೇಲೆ ಉಳಿದದ್ದು, ಸೋದರಮಾವ ಎಂದೋ ಟೇಪ್‌ರೆಕಾರ್ಡರಿನಲ್ಲಿ ಹಿಡಿದಿಟ್ಟ ಒಂದೇ ಒಂದು ಕ್ಯಾಸೆಟ್ಟು. ಮದುವೆಯಾಗಿ ಬರುವಾಗ ಅದನ್ನು ಇವಳು ಸೀರೆಗಳ ನಡುವೆ ಇಟ್ಟುಕೊಂಡು ತಂದಿದ್ದಳು.

ಈ ವರ್ಷ ಅವಳ ತಮ್ಮನ ಮಗಳಿಗೆ ಗಂಡು ಗೊತ್ತಾಯಿತು. ಹಾಡುವ ಸರದಿ ಇವಳದು. ಪದ ಬರೆದುಕೊಳ್ಳಲು ಕ್ಯಾಸೆಟ್ ಹಾಕಿ ಕುಳಿತಳು. ಎಲ್ಲ ಸಾಲುಗಳೂ ಸಿಕ್ಕವು, ಕೊನೆಯದೊಂದು ಬಿಟ್ಟು. "ಕೈಬಿಟ್ಟೆ ಅನಬ್ಯಾಡ ನನ ಮಗಳೆ" ಅನ್ನುವವರೆಗೆ ಸರಿ. ಅಲ್ಲಿಂದ ಮುಂದೆ ದನಿ ಆ ಗುಂಯ್ ಸದ್ದಿನಲ್ಲಿ ಮುಳುಗಿಬಿಡುತ್ತಿತ್ತು. ಊರಿಗೆ ಫೋನ್ ಮಾಡಿ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳಿದರು.

"ಕ್ಯಾಸೆಟ್ ಸವದೈತಿ. ಸೆಟ್ಟಿಂದೇನೂ ತಪ್ಪಿಲ್ಲ," ಎಂದೆ.

"ನಿಮ್ ಸೆಟ್ಟಿಗೆ ಏನಂದ್ರೂ ನಿಮಗೆ ಮೈ ಉರೀತದೆ. ಆ ಸಾಲು ಇಲ್ದೆ ನಾನು ಹೊಸ್ಲಾಗೆ ನಿಂತು ಏನ್ ಮಾಡ್ಲಿ? ಮಡಕಶಿರದಾಗೆ ರಿಪೇರಿಯೋರು ಒಬ್ರವ್ರೆ, ತೋರ್ಸನ ನಡೀರಿ."

ಅವಳ ದನಿಯಲ್ಲಿ ಅಳು ಇತ್ತು. ಸೆಟ್ಟನ್ನೂ ಕ್ಯಾಸೆಟ್ ಪ್ಲೇಯರನ್ನೂ ಹಳೆ ಕಂಬಳಿಯಲ್ಲಿ ಸುತ್ತಿ ಮಡಕಶಿರಾಕ್ಕೆ ಹೊತ್ತೊಯ್ದೆವು.

ರಿಪೇರಿಯವರು ವಾಲ್ವ್ ಕಾಲದಿಂದ ಕೈ ಆಡಿಸಿದ ಹಿರಿಯರು. ತಮ್ಮ ಮೇಜಿನ ಮೇಲಿನ ಕರೆಂಟಿಗೆ ಸೆಟ್ಟನ್ನು ಜೋಡಿಸಿ ಕ್ಯಾಸೆಟ್ ಹಾಕಿದರು. ದನಿ ಗಡುಸಾಗಿ ಬಂತು. ಅದರಲ್ಲಿ ಬೆಲ್ಲವೂ ಇಲ್ಲ, ಹದವೂ ಇಲ್ಲ.

"ಏನೋ ಬದಲಿ ಮಾಡೀರಿ. ಇದು ನನ್ನ ಸೆಟ್ಟಿನ ದನಿ ಅಲ್ರಿ," ಎಂದು ಸಿಡುಕಿದೆ.

"ಇನ್ನಾ ಮುಚ್ಚಳನೇ ಬಿಚ್ಚಿಲ್ಲ ಮೇಷ್ಟ್ರೇ. ನೀವು ಮನೇಲಿ ಯಾವೊತ್ತು ಕೇಳ್ತೀರ?"

"ಭಾನುವಾರ ಮುಂಜಾನಿ, ಎಂಟರ ಮ್ಯಾಲ."

"ಹೊಲ್ದಾಗೆ ಬೋರ್ ಮೋಟ್ರು ಓಡೋ ಹೊತ್ತಲ್ವಾ?"

ಅವರು ಮೇಜಿನ ಮೇಲಿದ್ದ ತಿರುಗಣೆಯೊಂದನ್ನು ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ತಿರುಗಿಸಿದರು. ದನಿ ಮೆತ್ತಗಾಗುತ್ತಾ ಬಂದು, ನನ್ನ ಭಾನುವಾರದ ಬೆಲ್ಲ ಹಾಗೇ ಕಿವಿಗೆ ಬಿತ್ತು. "ಓಲ್ಟೇಜ್ ಇಳಿಸ್ದೆ, ಅಷ್ಟೇ," ಎಂದರು. ಮೋಟರುಗಳು ಒಟ್ಟಿಗೆ ಓಡಿದಾಗ ನಮ್ಮ ಬೀದಿಯಲ್ಲಿ ವೋಲ್ಟೇಜ್ ಬೀಳುತ್ತದೆ, ವಾಲ್ವ್‌ಗಳು ಪೂರ್ತಿ ಕಾಯುವುದಿಲ್ಲ. ಅರೆಹೊಟ್ಟೆಯ ಸೆಟ್ಟಿನ ದನಿಯನ್ನು ನಾನು ಹದ ಎಂದು ಊರಿಗೆಲ್ಲ ಸಾರಿದ್ದೆ. ಅದೇ ವೋಲ್ಟೇಜಿನ ಪಾಠವನ್ನು ವರ್ಷವರ್ಷವೂ ಹತ್ತನೇ ತರಗತಿಗೆ ಮಾಡಿದವನು ನಾನು. ದೀಪದ ಬುಡದಲ್ಲೇ ಕತ್ತಲು. ಹೆಂಡತಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದಳು.

ಆದರೆ ತಿರುಗಣೆಯನ್ನು ಮುಂದಕ್ಕೆ ತಿರುಗಿಸಿದರೂ ಹಿಂದಕ್ಕೆ ತಿರುಗಿಸಿದರೂ ಗುಂಯ್ ಹೋಗಲಿಲ್ಲ, ಆ ಸಾಲೂ ಸಿಗಲಿಲ್ಲ. ಆಗ ಅವರು ಕಪಾಟಿನಿಂದ ಒಂದು ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಇಳಿಸಿ, ಅದೇ ಕ್ಯಾಸೆಟ್ ಪ್ಲೇಯರನ್ನು ಅದಕ್ಕೆ ಜೋಡಿಸಿದರು. ಹಿಂದೆ ಯಾವ ಸದ್ದೂ ಇಲ್ಲ. ಹಾಡು ಒಣಒಣ ಅನ್ನಿಸಿತು. ಇವತ್ತಿಗೂ ಆ ಮಾತಿನಿಂದ ನಾನು ಹಿಂದೆ ಸರಿಯುವುದಿಲ್ಲ.

ಅಜ್ಜಿ ಕೊನೆಯ ಸಾಲಿಗೆ ಬಂದರು. "ಕೈಬಿಟ್ಟೆ ಅನಬ್ಯಾಡ ನನ ಮಗಳೆ" ಎಂದು ಹಾಡಿ ನಿಲ್ಲಿಸಿದರು. ಏದುಸಿರು ಕೇಳಿಸಿತು. ಆಮೇಲೆ ಮೆಲ್ಲಗೆ, "ಉಸ್ರು ಸಾಲ್ದು ಕಣವ್ವಾ. ನೀ ಹೇಳು," ಎಂದರು. ಪುಟ್ಟ ಹುಡುಗಿಯೊಬ್ಬಳ ದನಿ, ಹೆದರಿ ಹೆದರಿ, ಸಾಲನ್ನು ಮುಗಿಸಿತು: "ನೀ ಹೋದ ಹಾದೀಗೆ ಕಣ್ಣ ಕಳುಸೀನಿ."

ಹೆಂಡತಿಯ ನಗು ನಿಂತಿತು. "ಅದು ನಾನು," ಎಂದಳು. "ಮಾವ ಆ ಟೇಪು ತಂದಾಗ ನಂಗೆ ಒಂಬತ್ತೋ ಹತ್ತೋ. ಅಜ್ಜಿ ನನ್ ಕೈಲಿ ಹಾಡ್ಸಿದ್ದು ನೆನಪೇ ಇಲ್ಲ."

ನನಗೆ ನಾಚಿಕೆಯಾಯಿತು. ಮದುವೆಯಾಗಿ ಇಪ್ಪತ್ತೆಂಟು ವರ್ಷ, ಅದೆಷ್ಟು ಭಾನುವಾರ ಆ ಕ್ಯಾಸೆಟ್ಟನ್ನು ಹಾಕಿ ತಲೆದೂಗಿದ್ದೇನೋ. ಆ ಸದ್ದಿನ ಅಡಿಯಲ್ಲಿ ಅವಳು ಪ್ರತಿ ಸಲವೂ ಹಾಡಿದ್ದಳು.

"ವಾಲ್ವ್ ಸೆಟ್ಟಿನ ಗುಂಯ್ ತೆಗೀಬೋದು ಮೇಷ್ಟ್ರೇ," ಎಂದರು ರಿಪೇರಿಯವರು. "ಆದ್ರೆ ಸಾಮಾನು ತರಿಸ್ಬೇಕು. ನಿಮ್ಮೂರ ಓಲ್ಟೇಜ್‌ಗೆ ದನಿ ಮತ್ತೆ ಮಂಕಾಗ್ತದೆ. ಯಾವುದ್ ಮಾಡನ?"

"ಟ್ರಾನ್ಸಿಸ್ಟರೇ ಕಟ್ಟಿಕೊಡ್ರಿ," ಎಂದೆ.

ಹೆಂಡತಿ ನನ್ನ ಮುಖ ನೋಡಿದಳು. "ಇದ್ರ ದನಿ ನಿಮಗೆ ಹಿಡಿಸ್ಲಿಲ್ಲ, ನಂಗೊತ್ತು."

"ಹಿಡಿಸಿಲ್ಲ," ಎಂದೆ. "ಆದ್ರ ಇದ್ರಾಗ ನಿನ್ನ ದನಿ ಕೇಳಸ್ತದ."